ಸೌಂದರವಲ್ಲಿಯ ಒದ್ದೆ ತಲೆ

ಆರಣಿಯಿಂದ ಶುಕ್ರವಾರ ಸಂಜೆ ಹೊರಡುವ ನವಗ್ರಹ ಯಾತ್ರೆಯ ಬಸ್ಸಿಗೆ ಮಾಲೀಕ ಬೇರೆ ಇದ್ದ, ಓಡಿಸುವವನು ಎತಿರಾಜು. ಆದರೂ ಊರವರ ಬಾಯಲ್ಲಿ ಅದು ಸೌಂದರವಲ್ಲಿಯ ಬಸ್ಸು. ಬೀದಿ ಬೀದಿ ಸುತ್ತಿ ಜನ ಕೂಡಿಸುವವಳು ಅವಳು, ಹುಳಿಯನ್ನ ಮೊಸರನ್ನ ಕಲಸಿ ಡಬರಿಗಳಲ್ಲಿ ತುಂಬಿಕೊಂಡು ಬರುವವಳು ಅವಳು, ತಿರುವಿನಲ್ಲಿ ಹೊಟ್ಟೆ ತೊಳೆಸಿದವರ ಮೂಗಿಗೆ ನಿಂಬೆಹಣ್ಣು ಹಿಡಿಯುವವಳೂ ಅವಳೇ. ಯಾರಾದರೂ ಬಳೆ ಅಂಗಡಿಯ ಮುಂದೆ ಕಾಲೂರಿದರೆ ಬಸ್ಸಿನ ತಗಡು ಬಡಿದು ಕೂಗುವಳು: “ಏನಮ್ಮಾ, ಗುಡಿ ಬಾಗಿಲು ನಿನಗೋಸ್ಕರ ತೆಗೆದಿಟ್ಕೊಂಡು ಕೂತಿರ್ತಾರಾ? ಹತ್ತು, ಹತ್ತು!”

ಶನಿವಾರ ಬೆಳಗಿನಿಂದ ಕುಂಭಕೋಣದ ಸುತ್ತಿನ ಗುಡಿಗಳೆಲ್ಲ ಮುಗಿದ ಮೇಲೆ ಕಡೆಯದಾಗಿ ತಿರುನಳ್ಳಾರು. ಶನಿದೇವರನ್ನು ಕಡೆಗೇ ಇಟ್ಟುಕೊಳ್ಳಬೇಕು. ಅಲ್ಲಿ ಎಳ್ಳೆಣ್ಣೆ ಹಚ್ಚಿಕೊಂಡು ನಳತೀರ್ಥದಲ್ಲಿ ಮುಳುಗಿ, ದೀಪ ಹಚ್ಚಿ, ಮೈಮೇಲಿದ್ದ ಬಟ್ಟೆಯ ಜೊತೆ ಶನಿಯನ್ನೂ ಅಲ್ಲೇ ಕಳೆದು ಎದ್ದವರು ಹಿಂದೆ ತಿರುಗಿ ನೋಡದೆ ಸೀದಾ ತಮ್ಮ ಮನೆಗೆ ಹೋಗಬೇಕು. ನಡುವೆ ಇನ್ನೊಬ್ಬರ ಮನೆ ಹೊಗಬಾರದು. ಹೊಕ್ಕರೆ ಕಳೆದದ್ದು ಪೂರ್ತಿ ಕಳೆದಿರುವುದಿಲ್ಲ, ಆ ಮನೆಯವರ ಹೆಗಲೇರುತ್ತದೆ. ಇದನ್ನು ಆ ಬಸ್ಸಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಸೌಂದರವಲ್ಲಿ ನೀರಿಗಿಳಿಯದೆ ದಡದಲ್ಲಿ ನಿಂತಿದ್ದರೂ ನಡೆಯುತ್ತಿತ್ತು. ಆದರೆ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಮುದುಕಿಯರ ಕೈ ಹಿಡಿಯುವವರು ಯಾರು? ಹೀಗೆ ವಾರ ವಾರವೂ ಊರವರ ಜೊತೆ ತಾನೂ ಮುಳುಗಿ, ಒದ್ದೆ ಜಡೆಯ ತುದಿಗೆ ಗಂಟು ಹಾಕಿಕೊಂಡು ಬಸ್ಸು ಹತ್ತುವಳು.

ಈ ಕಟ್ಟಳೆಯನ್ನು ಅವಳು ಒಂದೇ ಒಂದು ಸಲ ಮುರಿದಿದ್ದಳು. ಗಂಡ ತೀರಿಕೊಂಡು, ಈ ಕೆಲಸ ಹಿಡಿದ ಹೊಸತು. ಹಿಂದಿರುಗುವಾಗ ಚಿದಂಬರದಲ್ಲಿ ಬಸ್ಸು ಕೆಟ್ಟು ನಿಂತಿತು. ಅಣ್ಣ ಸಂಬಂಧನ ಮನೆ ಪಕ್ಕದ ಬೀದಿಯಲ್ಲೇ. ಒದ್ದೆ ತಲೆಯಲ್ಲೇ ಹೋಗಿ ಕಾಫಿ ಕುಡಿದು, ಅತ್ತಿಗೆ ಕೊಟ್ಟ ಚಾಪೆಯ ಮೇಲೆ ಒಂದಿಷ್ಟು ಹೊತ್ತು ಮೈ ಚಾಚಿ ಬಂದಳು. ತಿಂಗಳು ತುಂಬುವುದರೊಳಗೆ ಸುಣ್ಣ ಬಳಿಯುತ್ತಿದ್ದ ಸಾರುವೆಯಿಂದ ಅಣ್ಣ ಬಿದ್ದು ಹೋದ. ಹೆಣದ ಮುಂದೆ ಅತ್ತಿಗೆ ಎಲ್ಲರಿಗೂ ಕೇಳುವಂತೆ, “ಶನಿಯನ್ನ ಕರ್ಕೊಂಡು ಬಂದು ನನ್ನ ಮನೇಲಿ ಬಿಟ್ಟು ಹೋದ್ಯಲ್ಲೇ!” ಎಂದು ಎದೆ ಬಡಿದುಕೊಂಡಳು. ಸಾರುವೆಯ ಹಗ್ಗ ಹಳೆಯದಾಗಿತ್ತು ಎಂದು ಯಾರೋ ಹೇಳಿದರು. ಸೌಂದರವಲ್ಲಿಯ ಕಿವಿಗೆ ಅದು ಹೋಗಲಿಲ್ಲ.

ಅವಳಿಗಿದ್ದದ್ದು ಒಬ್ಬಳೇ ಮಗಳು, ಪೂಂಗೊಡಿ. ಚಿಕ್ಕಂದಿನಿಂದ ತಾಯಿಯ ಜೊತೆ ಬಸ್ಸಿನಲ್ಲಿ ಎಲೆ ಹಾಕಿ ಬಡಿಸುತ್ತ ಬೆಳೆದವಳು. ಒಂದು ಶನಿವಾರ ಪೇರಳಂ ದಾಟಿ ಮಾಯವರಂ ದಾರಿಯಲ್ಲಿ ಚಕ್ರ ಪಂಚರಾಯಿತು. ರಸ್ತೆಯಂಚಿನ ಪಂಚರ್ ಅಂಗಡಿಯ ಮಾಸಿಲಾಮಣಿ ಒಂದು ತೂತು ಮುಚ್ಚುವುದಕ್ಕೆ ಇಡೀ ಸಂಜೆ ತೆಗೆದುಕೊಂಡ. “ತೂತು ಟಯರಲ್ಲಿದೆಯೋ ನಿನ್ನ ಕಣ್ಣಲ್ಲಿದೆಯೋ?” ಎಂದು ಎತಿರಾಜು ಗದರಿದಾಗ ಹುಡುಗಿ ನಕ್ಕಳು. ಆ ನಗು ನೋಡಿಯೇ ತಾಯಿಗೆ ವಿಷಯ ತಿಳಿಯಿತು. ಹುಡುಗ ಒಳ್ಳೆಯವನು, ಹಿಂದೆ ಮುಂದೆ ಯಾರೂ ಇಲ್ಲ, ಅಂಗಡಿಯ ಬೆನ್ನಿಗೇ ಮನೆ. ಅಷ್ಟು ದೂರ ಯಾಕೆ ಕೊಡುತ್ತೀಯೆ ಎಂದವರಿಗೆ ಸೌಂದರವಲ್ಲಿ ಹೇಳಿದ್ದು ಒಂದೇ ಮಾತು: “ದೂರ ಎಲ್ಲಿ ಬಂತು? ನನ್ನ ಬಸ್ಸು ಅವಳ ಬಾಗಿಲಲ್ಲೇ ಹೋಗುತ್ತೆ. ವಾರ ವಾರ ನೋಡ್ತೀನಿ.”

ಮಾತು ಸುಳ್ಳಾಗಲಿಲ್ಲ. ವಾರ ವಾರ ನೋಡಿದಳು. ಆದರೆ ಹೋಗುವಾಗ ಬಸ್ಸಿನ ದಾರಿ ಬೇರೆ, ನೋಡುತ್ತಿದ್ದುದು ತಿರುನಳ್ಳಾರಿನಿಂದ ಒದ್ದೆ ತಲೆಯಲ್ಲಿ ಬರುವಾಗ. ಮದುವೆಯಾದ ಮೇಲೆ ಒಮ್ಮೆಯೂ ಮಗಳ ಹೊಸಿಲು ತುಳಿಯಲಿಲ್ಲ. ಬಸ್ಸು ಟೀಗೆ ನಿಲ್ಲುವುದು, ಇವಳು ರಸ್ತೆಯಂಚಿನಲ್ಲಿ ನಿಲ್ಲುವುದು, ಮಗಳು ಬಾಗಿಲಲ್ಲಿ.

“ಅಮ್ಮಾ, ಒಳಗೆ ಬಂದು ಒಂದು ಲೋಟ ಟೀ ಕುಡೀಬಾರದಾ? ಪಕ್ಕದ ಮನೆ ಮರಗದಕ್ಕ ಕೇಳ್ತಾಳೆ, ನಿಮ್ಮಮ್ಮಂಗೆ ನಿನ್ನ ಮನೆ ನೆಲ ಸುಡುತ್ತಾ ಅಂತ.”

“ಕೇಳಿದ್ರೆ ಕೇಳ್ಲಿ ಬಿಡು. ನಿನ್ನ ಸೋದರಮಾವನ ಗತಿ ನೋಡಿದ ಮೇಲೂ ಕರೀತೀಯಲ್ಲ, ಬುದ್ಧಿ ಇದೆಯಾ ನಿಂಗೆ? ಒಂದು ಬುಧವಾರ ಮನೆಯಿಂದ ಸೀದಾ ಬರ್ತೀನಿ. ಒಣ ತಲೇಲಿ.”

“ಯಾವ ವರ್ಷದ ಬುಧವಾರ ಅಂತ ಹೇಳಿಬಿಡು, ಗುಡಿಸಿ ರಂಗೋಲಿ ಹಾಕಿಟ್ಟಿರ್ತೀನಿ.”

ಆ ಬುಧವಾರ ಬರಲೇ ಇಲ್ಲ. ನಡುವಾರದಲ್ಲಿ ಅವಳಿಗೆ ಮದುವೆ ಮನೆಗಳ ಅಡುಗೆ ಕೆಲಸ ಇರುತ್ತಿತ್ತು, ಅದೂ ನಿಜ. ಆದರೆ ನಿಜವಾದ ಕಾರಣ ಬೇರೆ. ವಾರ ವಾರ ಕಣ್ಣಿಗೆ ಬೀಳುವವರನ್ನು ಯಾರು ಕೆಲಸ ಕೆಡಿಸಿಕೊಂಡು ಹುಡುಕಿಕೊಂಡು ಹೋಗುತ್ತಾರೆ? ನೋಡಿದ್ದನ್ನೇ ಹೋಗಿಬಂದದ್ದು ಎಂದುಕೊಂಡುಬಿಟ್ಟಿದ್ದಳು, ಪಾಪ.

ಪೂಂಗೊಡಿ ಬಸುರಿಯಾದಳು. ಬಾಗಿಲಲ್ಲಿ ನಿಂತು ಸೊಂಟಕ್ಕೆ ಕೈಯಿಟ್ಟುಕೊಳ್ಳುವ ಮಗಳನ್ನು ರಸ್ತೆಯಿಂದ ನೋಡುವುದು ತಾಯಿಗೆ ಹಬ್ಬವಾಯಿತು. ಒಂಬತ್ತನೇ ತಿಂಗಳಿಗೆ ಬಳೆ ಶಾಸ್ತ್ರ ಮಾಡಿಸಿ, ಬಾಣಂತನಕ್ಕೆ ಆರಣಿಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಯಿತು. ಆ ವಾರ ಬಸ್ಸಿಗೆ ಬೇರೆಯವಳನ್ನು ಗೊತ್ತುಮಾಡಿಟ್ಟಳು. ಹಸಿರು ಕೆಂಪು ಗಾಜಿನ ಬಳೆ ಕೊಂಡು, ಮಗಳ ಕೈ ಅಳತೆಯೆಂದು ತನ್ನ ಕೈಗೇ ತೊಟ್ಟು ನೋಡಿ, ಹಳೆ ಸೀರೆಯ ತುಂಡಿನಲ್ಲಿ ಸುತ್ತಿಟ್ಟಳು.

ಎಂಟನೇ ತಿಂಗಳ ಒಂದು ಶನಿವಾರ ಬಸ್ಸು ನಿಂತಾಗ ಬಾಗಿಲಲ್ಲಿ ಮಗಳಿರಲಿಲ್ಲ. ಮರಗದಂ ಓಡಿ ಬಂದಳು.

“ಅಕ್ಕಾ, ಒಳ್ಳೇ ಹೊತ್ತಿಗೆ ಬಂದ್ರಿ! ಪೂಂಗೊಡಿಗೆ ನೋವು ಎದ್ದಿದೆ. ಅವನು ಟಯರ್ ತರೋಕೆ ಕಾರೈಕಾಲಿಗೆ ಹೋಗಿದ್ದಾನೆ. ಬನ್ನಿ ಒಳಗೆ.”

ಸೌಂದರವಲ್ಲಿ ಬಸ್ಸಿನಿಂದ ಹಾರಿ ಓಡಿದಳು. ಹೊಸಿಲ ಹತ್ತಿರ ಬಂದು ಗಕ್ಕನೆ ನಿಂತಳು. ಜಡೆಯ ತುದಿಯಿಂದ ಇನ್ನೂ ನೀರು ಇಳಿಯುತ್ತಿತ್ತು.

“ಅಮ್ಮಾ…” ಒಳಗಿನಿಂದ ಮಗಳ ದನಿ. “ಸೊಂಟ ಬಿದ್ದು ಹೋಗ್ತಿದೆಯಮ್ಮಾ. ಬಂದು ಒಂಚೂರು ಎಣ್ಣೆ ಹಚ್ಚಮ್ಮಾ.”

“ಮಗಾ, ಇಲ್ಲೇ ಇದ್ದೀನಿ ಕಣೇ. ಹೆದರಬೇಡ. ಎಡಕ್ಕೆ ಮಗ್ಗುಲಾಗು. ಮರಗದಂ, ನೀರು ಕಾಯಿಸು. ಎಣ್ಣೆ ಬೆಚ್ಚಗೆ ಮಾಡಿ ನೀನೇ ಹಚ್ಚು ತಾಯೀ.”

ಎತಿರಾಜು ಬಂದ. “ಅಕ್ಕಾ, ಮಾತಾಡ್ತಾ ನಿಂತ್ಕೊಬೇಡಿ. ನಾನೂ ಮರಗದಮ್ಮನೂ ಎತ್ಕೊಂಡು ಬರ್ತೀವಿ. ಹಿಂದಿನ ಉದ್ದ ಸೀಟಲ್ಲಿ ಮಲಗಿಸಿದ್ರೆ ಮಾಯವರಂ ಆಸ್ಪತ್ರೆ ಎಷ್ಟೊತ್ತು?”

ಸೌಂದರವಲ್ಲಿ ತಿರುಗಿ ಬಸ್ಸನ್ನು ನೋಡಿದಳು. ಕಿಟಕಿಗಳ ತುಂಬ ಒದ್ದೆ ತಲೆಗಳು. ಸಾಡೇಸಾತಿಯವರು, ಕೋರ್ಟು ಕಚೇರಿಯವರು, ಮಕ್ಕಳನ್ನು ಕಳೆದುಕೊಂಡವರು. ಒಬ್ಬೊಬ್ಬರ ಕಥೆಯೂ ಅವಳಿಗೆ ಗೊತ್ತು, ಅದನ್ನು ಕಳೆಯುವುದಕ್ಕೆಂದೇ ಅವರನ್ನು ಕರೆತಂದವಳು ಅವಳು.

“ಈ ಬಸ್ಸಲ್ಲಾ? ಬಸುರಿ ಹೆಂಗಸನ್ನ ಇಷ್ಟು ಜನರ ಶನಿ ನಡುವೆ ಮಲಗಿಸ್ತೀಯಾ? ನಿಂಗೇನು ತಲೆ ಕೆಟ್ಟಿದೆಯಾ ಎತಿರಾಜು?”

“ಅವಳು ನಿಜ ಹೇಳ್ತಾಳಪ್ಪಾ,” ಎಂದಳು ಕಿಟಕಿಯೊಳಗಿನ ಒಬ್ಬ ಅಜ್ಜಿ. “ಬೇಡ, ಮಗೂಗಾಗಲ್ಲ.” ಯಾರಲ್ಲೂ ಕೆಡುಕು ಇರಲಿಲ್ಲ. ಎಲ್ಲರೂ ಆ ಮಗು ಚೆನ್ನಾಗಿರಲೆಂದೇ ಕೈಮುಗಿದು ಕೂತಿದ್ದರು.

ಆಟೋಗೆ ಹೇಳಿಕಳಿಸಿದರು. ಅದು ಬರುವವರೆಗೆ ತಾಯಿ ಹೊಸಿಲಿನ ಈಚೆ ನಿಂತು, ಕಾಣದ ಮಗಳಿಗೆ ಉಸಿರು ಬಿಡು, ಉಸಿರು ತಗೋ ಎಂದು ಹೇಳುತ್ತಲೇ ಇದ್ದಳು. ಮಗಳು ಮೊದಮೊದಲು ಅಮ್ಮಾ ಎಂದು ಕರೆಯುತ್ತಿದ್ದಳು. ಆಮೇಲೆ ಬರೀ ನರಳಿದಳು. ಕೊನೆಗೆ ಆಟೋ ಬಂದು ಮರಗದಂ, ಆಟೋದವನು ಇಬ್ಬರೂ ಎತ್ತಿ ಕೂರಿಸುವಾಗ, ಎದುರಿಗೇ ನಿಂತಿದ್ದ ತಾಯಿಯ ಮುಖವನ್ನು ಅವಳು ನೋಡಲೇ ಇಲ್ಲ.

ಮುಂದೆ ಆಟೋ, ಹಿಂದೆ ಬಸ್ಸು. ಹೋಗುತ್ತಿದ್ದುದು ಒಂದೇ ದಾರಿ. ಸೌಂದರವಲ್ಲಿ ಮುಂದಿನ ಸೀಟಿನಲ್ಲಿ ಕೂತು ಆಟೋದ ಬೆನ್ನಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಆಸ್ಪತ್ರೆಯ ಮುಂದೆ ಎತಿರಾಜು ಬಸ್ಸು ನಿಲ್ಲಿಸಿ, “ಇಳೀರಕ್ಕಾ, ಇವರನ್ನ ನಾನು ತಲುಪಿಸ್ತೀನಿ,” ಎಂದ. ಅವಳು ಕಂಬಿ ಬಿಗಿಹಿಡಿದು ಬೇಡವೆಂದು ತಲೆಯಾಡಿಸಿದಳು. “ಮನೆಗೆ ಹೋಗಿ, ತಲೆಗೆ ನೀರು ಹಾಕ್ಕೊಂಡು, ದೀಪ ಹಚ್ಚಿ ಬಂದ್ಬಿಡ್ತೀನಿ. ಹೊಸ ಕೂಸಿನ ಮುಂದೆ ಹೀಗೆ ನಿಲ್ಲಬಾರದಪ್ಪಾ.” ಎತಿರಾಜು ಗೇರು ಹಾಕಿದ.

ಹೇಳಿದಂತೆಯೇ ಮಾಡಿದಳು. ಸ್ನಾನ ಮಾಡಿ, ದೀಪ ಹಚ್ಚಿ, ಬಳೆಗಳ ಗಂಟನ್ನೂ ಹಿಡಿದುಕೊಂಡು ಮರುದಿನ ಒಣ ತಲೆಯಲ್ಲಿ ಆಸ್ಪತ್ರೆ ಮುಟ್ಟಿದಳು. ಮಾಸಿಲಾಮಣಿ ಮೆಟ್ಟಿಲ ಮೇಲೆ ಕೂತಿದ್ದ. ಅವನ ಕೈ ನೋಡಿದರೇ ತಿಳಿಯುತ್ತಿತ್ತು, ಉಗುರಿನ ಸಂದಿಯಲ್ಲಿ ಮಣ್ಣು. ಗಂಡು ಮಗು, ಅತ್ತೆ, ಅಂದ. ಉಸಿರಾಡಲಿಲ್ಲ ಅಂದ. ಒಳಗೆ ಪೂಂಗೊಡಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ತಾಯಿ ತಲೆ ಸವರಿದರೂ ತಿರುಗಲಿಲ್ಲ. ಆರಣಿಗೆ ಬರುವುದಿಲ್ಲವೆಂದು, ತನ್ನ ಮನೆಗೂ ಅಮ್ಮ ಬರುವುದು ಬೇಡವೆಂದು ಗಂಡನ ಕೈಲಿ ಹೇಳಿಸಿದಳು. ಇಷ್ಟು ದಿನ ತಾನೇ ಹಾಕಿಕೊಂಡಿದ್ದ ಬಾಗಿಲಿಗೆ ಈಗ ಒಳಗಿನಿಂದಲೂ ಅಗಳಿ ಬಿತ್ತು.

ಬಸ್ಸು ಬಿಟ್ಟುಬಿಡುತ್ತೇನೆಂದು ಕೂತವಳನ್ನು ಊರ ಮುದುಕಿಯರು ಬಿಡಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ಬಿಡುವುದಕ್ಕೆ ಮನಸ್ಸಿರಲಿಲ್ಲ. ಆ ಬಾಗಿಲ ಮುಂದೆ ಹೋಗುವುದಕ್ಕೆ ಇನ್ನು ಯಾವ ನೆಪ ಉಳಿದಿತ್ತು? ಶನಿವಾರಗಳು ಬಂದವು. ಬಸ್ಸು ನಿಲ್ಲುತ್ತಿತ್ತು, ಬಾಗಿಲು ಮುಚ್ಚಿರುತ್ತಿತ್ತು. ಅವಳು ರಸ್ತೆಯಂಚಿನಲ್ಲಿ ಟೀ ಲೋಟ ಹಿಡಿದು ನಿಂತು, ಆರಿದ ಟೀಯನ್ನು ಚೆಲ್ಲಿ ಹತ್ತುತ್ತಿದ್ದಳು.

ಆಮೇಲೊಂದು ಶನಿವಾರ ಬಾಗಿಲು ತೆರೆದಿತ್ತು. ಪೂಂಗೊಡಿ ಹೊಸಿಲ ಮೇಲೆ ನಿಂತಿದ್ದಳು. ಮೈ ಇಳಿದು ಹೋಗಿ, ರವಿಕೆಯ ತೋಳು ಜೋತುಬಿದ್ದಿತ್ತು.

“ಬಾ ಅಮ್ಮಾ. ಈಗ ಬಾ ಒಳಗೆ.” ದನಿಯಲ್ಲಿ ಅಳುವಿರಲಿಲ್ಲ, ಸಿಟ್ಟೂ ಇರಲಿಲ್ಲ. “ಇನ್ನು ಯಾಕೆ ಹೆದರ್ತೀಯಾ? ನಿನ್ನ ಶನಿಗೆ ಹಿಡಿಯೋಕೆ ಈ ಮನೇಲಿ ಇನ್ನೇನಿದೆ?”

ಸೌಂದರವಲ್ಲಿ ಎರಡು ಹೆಜ್ಜೆ ಮುಂದೆ ಬಂದಳು. ಎಲ್ಲರೂ ನೋಡುತ್ತಿದ್ದರು. ಆ ಹೊಸಿಲು ದಾಟಿಬಿಟ್ಟರೆ ಮಗಳು ಮರಳಿ ಸಿಗುತ್ತಾಳೆ, ಅದು ಅವಳಿಗೆ ಗೊತ್ತಿತ್ತು. ಕಾಲು ಎತ್ತಿದಳು. ಕೆಳಗಿಟ್ಟಳು. ಮುಖಕ್ಕೆ ಸೆರಗು ಒತ್ತಿಕೊಂಡು ಹೇಳಿದಳು:

“ನೀನಿದ್ದೀಯಲ್ಲೇ.”

ಪೂಂಗೊಡಿ ತಾಯಿಯನ್ನು ನೋಡುತ್ತ ನಿಂತಳು. ಆಮೇಲೆ ಒಳಗೆ ಹೋದಳು. ಇನ್ನು ಈ ಬಾಗಿಲು ತೆರೆಯುವುದಿಲ್ಲ ಎಂದುಕೊಂಡು ಸೌಂದರವಲ್ಲಿ ಬಸ್ಸಿನ ಕಡೆ ತಿರುಗಿದಳು.

“ಎಲ್ಲಿಗೆ ಹೊರಟೆ?”

ಮಗಳು ಎಣ್ಣೆ ಬಟ್ಟಲು ಹಿಡಿದು ಹೊಸಿಲು ದಾಟಿ ಹೊರಗೆ ಬಂದಿದ್ದಳು. ರಸ್ತೆಯಂಚಿನಲ್ಲಿ, ಹಳೆ ಟಯರುಗಳ ಪಕ್ಕದ ಕಲ್ಲಿನ ಮೇಲೆ ತಾಯಿಗೆ ಬೆನ್ನು ಹಾಕಿ ಕೂತು, ಬಟ್ಟಲನ್ನು ಹಿಂದಕ್ಕೆ ಚಾಚಿದಳು. “ಸೊಂಟ ಇನ್ನೂ ನೋಯುತ್ತೆ. ಇಲ್ಲೇ ಹಚ್ಚು.”

ಸೌಂದರವಲ್ಲಿ ಮಣ್ಣಲ್ಲೇ ಕುಕ್ಕರಿಸಿದಳು. ಒದ್ದೆ ಜಡೆ ತಾಗದಂತೆ ಬೆನ್ನ ಹಿಂದಕ್ಕೆ ಎಸೆದುಕೊಂಡು, ಎಣ್ಣೆಗೆ ಕೈ ಅದ್ದಿದಳು. ಮೂಳೆ ಮೂಳೆ ಕೈಗೆ ಸಿಗುತ್ತಿತ್ತು. ಮದುವೆಯ ದಿನ ಬೆಳಿಗ್ಗೆ ಎಣ್ಣೆ ಹಚ್ಚಿದ ಮೇಲೆ ಈ ಬೆನ್ನನ್ನು ಅವಳು ಮುಟ್ಟಿರಲಿಲ್ಲ. ಎತಿರಾಜು ಹಾರ್ನ್ ಒತ್ತಲಿಲ್ಲ.

“ಅಮ್ಮಾ,” ಎಂದಳು ಪೂಂಗೊಡಿ ಎಷ್ಟೋ ಹೊತ್ತಿನ ಮೇಲೆ, ರಸ್ತೆ ನೋಡುತ್ತ. “ಅವತ್ತು ನಿನ್ನ ಬಸ್ಸಲ್ಲಿ ಕರ್ಕೊಂಡು ಹೋಗಿದ್ರೆ, ಉಳೀತಿತ್ತಾ?”

ತಾಯಿಯ ಕೈ ನಿಂತಿತು. “ಗೊತ್ತಿಲ್ಲ ಮಗಾ.”

“ನಂಗೂ ಗೊತ್ತಿಲ್ಲ.” ಬಟ್ಟಲನ್ನು ತಾಯಿಯ ಕಡೆ ಇನ್ನಷ್ಟು ಸರಿಸಿದಳು: “ನಿಲ್ಲಿಸಬೇಡ. ಹಚ್ಚು.”