ಬೀಗಿತ್ತಿಯ ಚಳಿ

ಜುಲೈ ತಿಂಗಳ ಚಳಿಯಲ್ಲಿ ಸಿಡ್ನಿಯ ಸೆಂಟ್ರಲ್ ಸ್ಟೇಷನ್ನಿನಿಂದ ಮೆಲ್ಬರ್ನ್ ರೈಲು ಹತ್ತಿದೆ. ಹನ್ನೊಂದು ಗಂಟೆಯ ದಾರಿ. ಗೌಲ್ಬರ್ನ್ ಬಳಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ರೈಲಿನಲ್ಲಿ ಕೊಟ್ಟ ಟೀ ತಣ್ಣಗಿತ್ತು. ಚೆನ್ನಾಗಿದೆ ಎಂದೇ ಕುಡಿದೆ. ದೂರು ಹೇಳಬಾರದು, ದೇವರಿಗೆ ಒಪ್ಪಿಸಬೇಕು ಎಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು.

ಮಗಳು ಸ್ಮಿತಾ ಇರುವುದು ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ. ಅಳಿಯ ಆಂದ್ರಿಸ್ ಲ್ಯಾಟ್ವಿಯಾ ಮೂಲದವನು. ಅವನ ತಾಯಿ ಮಿರ್ದ್ಜಾಗೆ ಪಾರ್ಶ್ವವಾಯು ಬಡಿದು ಇಂಗ್ಲಿಷ್ ಪೂರ್ತಿ ಮರೆತುಹೋಗಿತ್ತು. ಉಳಿದದ್ದು ತಾಯ್ನುಡಿ ಮಾತ್ರ. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋದಾಗ ಐದು ದಿನ ಅವರ ಜೊತೆ ನಾನಿರಬೇಕಿತ್ತು. ಸ್ಮಿತಾ ಒಂದೇ ಪದ ಕಲಿಸಿ ಹೋದಳು: ‘ಲಬಿ’, ಅಂದರೆ ಚೆನ್ನಾಗಿದೆ.

ಬೀಗಿತ್ತಿ ತಾವೇ ಹೆಣೆದ ನೀಲಿ ಮಫ್ಲರನ್ನು ಕತ್ತಿಗೆ ಎಳೆದುಕೊಳ್ಳುತ್ತ “ಮನ್ ಇರ್ ಔಕ್ಸ್ತಿ” ಎನ್ನುತ್ತಿದ್ದರು. ಹೆಣಿಗೆ ತೋರಿಸುತ್ತಿದ್ದಾರೆಂದುಕೊಂಡು ಅಂಚನ್ನು ಮುಟ್ಟಿ “ಲಬಿ, ಲಬಿ” ಎಂದೆ. ಎರಡನೆಯ ದಿನ ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಅಂದು ಸಂಜೆ ಊಟಕ್ಕೆ ಕೂತಾಗ, ಆ ಹೆಣಿಗೆಗೆ ಔಕ್ಸ್ತಿ ಎನ್ನುತ್ತಾರೆಯೇ ಎಂದು ಅಳಿಯನನ್ನು ಕೇಳಿದೆ. ಅವನು ಚಮಚ ಕೆಳಗಿಟ್ಟ. ಅದು ‘ನನಗೆ ಚಳಿಯಾಗ್ತಿದೆ’ ಅಂತ, ಎಂದ.

“ನಿಂಗೂ ಚಳಿ ಆಗ್ಲಿಲ್ವೇನಮ್ಮಾ? ಹೀಟರ್ ಆನ್ ಮಾಡೋಕೇನಾಗಿತ್ತು?” ಎಂದಳು ಸ್ಮಿತಾ.

“ಬೀಗರ ಮನೆ ಅಲ್ವೇನೇ. ಹೇಳ್ದೆ ಕೇಳ್ದೆ ಹೇಗೆ ಮುಟ್ಟೋದು ಅಂತ…”

ಊಟ ಬಿಟ್ಟು ಚೀಟಿ, ಪೆನ್ನು ತಂದು ಅಳಿಯನ ಪಕ್ಕ ಕೂತೆ.

ಮರುದಿನ ಎದ್ದವಳೇ ಹೀಟರ್ ಹಾಕಿದೆ. ರಾತ್ರಿ ಅಳಿಯ ಹೇಳಿಕೊಟ್ಟ ದೂರಿನ ಮಾತುಗಳನ್ನೆಲ್ಲ ಕನ್ನಡದಲ್ಲಿ ಚೀಟಿಯ ಮೇಲೆ ಬರೆದುಕೊಂಡಿದ್ದೆ. ‘ಮನ್’ ಎಂದರೆ ‘ನನಗೆ’. ಚಳಿ, ನೋವು, ಬೇಸರ ಎಲ್ಲಕ್ಕೂ ನಮ್ಮಂತೆಯೇ ‘ನನಗೆ’. ಇಷ್ಟು ಹತ್ತಿರದ ಮಾತು ಎರಡು ದಿನ ಕಿವಿಗೆ ಬಿದ್ದರೂ ತಿಳಿಯಲಿಲ್ಲವಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು. ನಾನು ಮಾಡಿದ ಗಂಜಿಗೆ ಬೀಗಿತ್ತಿ “ಮನ್ ನೆಪತೀಕ್” ಎಂದರು. ‘ನನಗಿಷ್ಟವಿಲ್ಲ’ ಅಂತ. ಚೀಟಿ ನೋಡಿ ತಟ್ಟೆ ತೆಗೆದೆ.

ಹೊರಡುವ ದಿನ ಅವರು ಗಾಲಿಕುರ್ಚಿಯಲ್ಲಿ ಬಾಗಿಲವರೆಗೆ ಬಂದು ನನ್ನ ಕೈ ಹಿಡಿದರು. “ತೆವ್ ಇರ್ ಔಕ್ಸ್ತಿ?” ನಿನಗೆ ಚಳಿಯೇ?

ನನ್ನ ಬೆರಳುಗಳು ಮರಗಟ್ಟಿದ್ದವು. “ನೇ, ಲಬಿ,” ಇಲ್ಲ, ಚೆನ್ನಾಗಿದೆ, ಎಂದುಬಿಟ್ಟೆ. ಅವರು ಕೈ ಬಿಡಲಿಲ್ಲ, ಮುಖ ನೋಡುತ್ತ ಕಾದರು. ನಾನು ತಲೆ ತಗ್ಗಿಸಿ ಹೇಳಿದೆ: “ಮನ್ ಇರ್ ಔಕ್ಸ್ತಿ.”

“ಲಬಿ,” ಎಂದರು. ಮಫ್ಲರ್ ಬಿಚ್ಚಿ ನನ್ನ ಕತ್ತಿಗೆ ಸುತ್ತಿದರು.

ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಬಾಗಿಲು ಇನ್ನೂ ತೆರೆದೇ ಇತ್ತು, ಅವರ ಕತ್ತು ಬರಿದಾಗಿತ್ತು.