ಎಸ್ತರ್ ಬರೆದುಕೊಂಡ 'ಆಯ್ತಾ'

"ಮೇಡಂ, ಎಸ್ತರ್ ಟೀಚರ್ ಒಂದು ಕಂಪ್ಯೂಟರ್ ಪದ ಹೇಳುತ್ತಿದ್ದರಲ್ಲ, ಅದನ್ನು ಹೇಗೆ ಹೇಳಬೇಕು? ನಾನು ಹೇಳಿದರೆ ಮಕ್ಕಳು ಒಪ್ಪುತ್ತಿಲ್ಲ."

ಜಾಂಬಿಯಾದ ಹಳ್ಳಿಶಾಲೆಯ ಹೆಡ್‌ಮಾಸ್ಟರು ವಿಡಿಯೊ ಕಾಲ್‌ನಲ್ಲಿ ಇಂಗ್ಲಿಷಿನಲ್ಲಿ ಕೇಳಿದಾಗ ನಾನು ವಿದೇಶದಲ್ಲಿ ನಾವು ನೆಲೆಸಿರುವ ಕ್ರಾನ್‌ಬರ್ನ್‌ ಊರಿನ ಮನೆಯಲ್ಲಿ ಚಪಾತಿ ಹಿಟ್ಟು ಕಲಸುತ್ತಿದ್ದೆ. 'ಹೇಳುತ್ತಿದ್ದರು' ಅಂದರೇನು, ಎಸ್ತರ್ ಎಲ್ಲಿ ಎಂದು ಕೇಳಿದೆ. ಜ್ವರ ಬಂದು ತೀರಿಕೊಂಡು ಮೂರು ವಾರವಾಗಿತ್ತಂತೆ.

ಎರಡು ವರ್ಷದ ಹಿಂದೆ ಅಲ್ಲಿನ ಶಿಕ್ಷಕರಿಗೆ ಕಂಪ್ಯೂಟರ್ ಕಲಿಸಲು ಸ್ವಯಂಸೇವಕಿಯಾಗಿ ಹೋಗಿದ್ದೆ. ಒಂದೊಂದು ಕೀ ಒತ್ತಿಸಿದಾಗಲೂ ನನಗೇ ಗೊತ್ತಿಲ್ಲದಂತೆ 'ಆಯ್ತಾ?' ಅನ್ನುತ್ತಿದ್ದೆ. ಎಸ್ತರ್ ಅದನ್ನೂ ಪಾಠವೆಂದುಕೊಂಡು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಉತ್ತರವೇನೆಂದು ಕೇಳಿದಳು. ನಗುತ್ತಾ 'ಆಯ್ತು' ಎಂದು ಹೇಳಿಕೊಟ್ಟೆ. ಅದು ಕನ್ನಡ ಎಂದು ಮಾತ್ರ ಹೇಳಲೇ ಇಲ್ಲ.

ಹೆಡ್‌ಮಾಸ್ಟರು ಫೋನನ್ನು ತರಗತಿಯತ್ತ ತಿರುಗಿಸಿದರು. "ಆ ಪದ ಕೇಳದೆ ಇವರು ಮುಂದಿನ ಕೀ ಒತ್ತುವುದಿಲ್ಲ" ಎಂದರು. ಮಕ್ಕಳು ಕಂಪ್ಯೂಟರ್‌ಗಳ ಮುಂದೆ ಕೈಕಟ್ಟಿ ಕೂತಿದ್ದರು. ಹಿಟ್ಟಿನ ಕೈಯಲ್ಲೇ ಫೋನ್ ಹತ್ತಿರಕ್ಕೆ ಎಳೆದುಕೊಂಡು "ಆಯ್ತಾ?" ಎಂದೆ.

"ಆಯ್ತು" ಎಂದಿತು ಇಡೀ ತರಗತಿ.

ಈಗಲೂ ಸಂಜೆ ಮಗಳನ್ನು "ಹೋಮ್‌ವರ್ಕ್ ಆಯ್ತಾ?" ಎಂದು ಕೇಳುತ್ತೇನೆ. ಅವಳು ರೂಮಿನಿಂದಲೇ "ಡನ್, ಅಮ್ಮಾ" ಅನ್ನುತ್ತಾಳೆ. ಇನ್ನೊಂದು ಉತ್ತರ ಬರಬೇಕಿತ್ತೇನೋ ಎನ್ನುವಂತೆ ನಾನು ಒಂದು ಗಳಿಗೆ ಅಲ್ಲೇ ನಿಂತಿರುತ್ತೇನೆ.