ಗೌಡರ ಮನೆಯ ಏಸಿ ಯಾರಿಗೆ?

“ಏಸಿ ಯಾರ್ಗೆ ಗೌಡ್ರೇ? ನಿಮ್ಗೋ, ನಿಮ್ಮ ಎಮ್ಮೆಗೋ?”

ಹೀಗೆ ಕೇಳಿದವನು ನಾನೇ. ಪಾಂಡವಪುರದ ನನ್ನ ಅಂಗಡಿಯಲ್ಲಿ, ಟೀ ಕುಡಿಯುತ್ತಾ ಕೂತಿದ್ದ ನಾಲ್ಕು ಜನರ ಎದುರಿಗೆ. ನಾಲ್ವರೂ ನಕ್ಕರು. ನಾನೂ ನಕ್ಕೆ. ಕೇಳಿಸಿಕೊಂಡ ಮನುಷ್ಯ ಮಾತ್ರ ನಗಲಿಲ್ಲ. ಕೋಪವನ್ನೂ ಮಾಡಿಕೊಳ್ಳಲಿಲ್ಲ. “ಮನೇಗೆ ಸಾ” ಅಂದರು, ಅಷ್ಟೆ.

ಈ ಅಂಕಣವನ್ನು ಓದುತ್ತಾ ಬಂದವರಿಗೆ ನನ್ನ ಕಸುಬು ಗೊತ್ತು. ವಾರಕ್ಕೊಂದು ದಿನ ಪೆನ್ನು, ಮಿಕ್ಕ ದಿನ ಸ್ಪ್ಯಾನರ್. ಫ್ರಿಜ್ಜು ರಿಪೇರಿಯೇ ಹೆಚ್ಚು. ಏಸಿ ಅಪರೂಪ. ಎಷ್ಟು ಅಪರೂಪ ಅಂದರೆ, ಶ್ರೀರಂಗಪಟ್ಟಣದಲ್ಲಿ ಎರಡು ಲಾಡ್ಜು, ನಾಗಮಂಗಲದಲ್ಲಿ ಒಬ್ಬ ಡಾಕ್ಟರ ಸ್ಕ್ಯಾನಿಂಗ್ ರೂಮು, ಮೊನ್ನೆ ಮೊನ್ನೆ ಕಂಪ್ಯೂಟರ್ ಬಂದ ಒಂದು ಬ್ಯಾಂಕು. (ಅಲ್ಲಿ ಏಸಿ ಇರುವುದು ಕಂಪ್ಯೂಟರಿಗೆ. ಮ್ಯಾನೇಜರು ಹೊರಗೆ ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತಾ ಕೂರುತ್ತಾರೆ.) ಹೀಗಿರುವಾಗ ಕಿಕ್ಕೇರಿ ಕಡೆಯ ಒಂದು ಹಳ್ಳಿಯಿಂದ, ಪಂಚೆ ಉಟ್ಟು ಹೆಗಲ ಮೇಲೆ ಟವೆಲ್ ಹಾಕಿಕೊಂಡ ರೈತರೊಬ್ಬರು ಬಸ್ಸಿಳಿದು ಬಂದು, ನಮ್ಮನೆ ಏಸಿ ಕೆಟ್ಟಿದೆ ಅಂದರೆ ನನ್ನ ನಾಲಿಗೆ ಸುಮ್ಮನಿರುತ್ತದೆಯಾ?

ಸುಮ್ಮನಿರಬೇಕಿತ್ತು.

ಅವರ ಹೆಸರು ಪುಟ್ಟಸ್ವಾಮಿಗೌಡ ಅಂತಿಟ್ಟುಕೊಳ್ಳಿ. ಇಲ್ಲಿ ಬರುವ ಹೆಸರುಗಳೆಲ್ಲ ನಾನು ಇಟ್ಟವು. ಊರಿನ ಹೆಸರು ಹೇಳುವುದಿಲ್ಲ. ಯಾಕೆ ಅಂತ ನಿಮಗೇ ಗೊತ್ತಾಗುತ್ತದೆ.

ಅವತ್ತು ನಾನು ಹೋಗಲಿಲ್ಲ. ಮುಂದಿನ ವಾರ ನೋಡೋಣ ಅಂದೆ. ಏಪ್ರಿಲ್ ತಿಂಗಳು, ಊರಿನ ಫ್ರಿಜ್ಜುಗಳೆಲ್ಲ ಕೈಕೊಡುವ ಕಾಲ. ಅಷ್ಟು ದೂರ ಬಸ್ಸಿನಲ್ಲಿ ಹೋಗಿ ಯಾರದೋ ಶೋಕಿ ರಿಪೇರಿ ಮಾಡುವಷ್ಟು ಪುರುಸೊತ್ತು ನನಗೆಲ್ಲಿತ್ತು?

ಮೂರು ದಿನ ಬಿಟ್ಟು ಗೌಡರು ಮತ್ತೆ ಬಂದರು. ಅದೇ ನಿಧಾನದ ಮಾತು.

“ಸ್ವಿಚ್ ಆಕುದ್ರೆ ಗುಂಯ್ ಅಂತದೆ ಸಾ. ಆಮೇಲೆ ಟಕ್ ಅಂದು ನಿಂತೋಯ್ತದೆ. ಗಾಳಿ ಬತ್ತದೆ, ತಂಪಿಲ್ಲ. ಒಬ್ರು ಬಂದು ನೋಡುದ್ರು. ಕಂಪ್ರೆಸರ್ ಓಗದೆ, ಗುಜರಿಗಾಕಿ ಅಂದ್ಬುಟ್ರು.”

ನನ್ನ ಕಿವಿ ನೆಟ್ಟಗಾಯಿತು. ಕಂಪ್ರೆಸರ್ ಅಂದರೆ ಏಸಿಯ ಎದೆ. ಅದು ಗುಂಯ್ ಅನ್ನುತ್ತಿದೆ ಅಂದರೆ ಏಳಲು ನೋಡುತ್ತಿದೆ, ಏಳಲು ಆಗುತ್ತಿಲ್ಲ ಅಂತ ಅರ್ಥ. ಸತ್ತೇ ಹೋಗಿರಬೇಕು ಅಂತೇನಿಲ್ಲ, ನಿಶ್ಶಕ್ತಿಯೂ ಇರಬಹುದು. ನಾನು ಬ್ಯಾಗು ತೆಗೆದುಕೊಂಡೆ. ನಿಜ ಹೇಳಬೇಕೆಂದರೆ ಗೌಡರ ಮೇಲಿನ ಕನಿಕರದಿಂದ ಅಲ್ಲ. ಇನ್ನೊಬ್ಬ ಮೆಕ್ಯಾನಿಕ್ ಹೇಳಿದ್ದನ್ನು ಸುಳ್ಳು ಮಾಡಬೇಕೆಂಬ ಚಪಲದಿಂದ.

ಚಿನಕುರಳಿ ದಾಟಿ, ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಾಯಿಸಿ, ಕಿಕ್ಕೇರಿಯಿಂದ ಒಂದು ಟೆಂಪೋ ಹತ್ತಿ ಇಳಿದಾಗ ಹತ್ತೂವರೆ. ದಾರಿಯುದ್ದಕ್ಕೂ ಗೌಡರು ಏಸಿ ಬಂದ ಕಥೆ ಹೇಳಿದ್ದರು. ಮೈಸೂರಿನಲ್ಲಿ ಮುಚ್ಚಿಹೋದ ಒಂದು ಲಾಡ್ಜಿನ ಸಾಮಾನು, ಸೆಕೆಂಡ್ ಹ್ಯಾಂಡು. ಯಾರಿಗೆ ಬೇಕಾಗಿತ್ತು ಅನ್ನುವುದನ್ನು ಮಾತ್ರ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಜಗಲಿ ಮೇಲೆ ಕೂತಿದ್ದ ಪಕ್ಕದ ಮನೆಯ ಯಜಮಾನರು, ನಿಂಗೇಗೌಡರು, ನನ್ನ ಬ್ಯಾಗು ನೋಡಿದ್ದೇ ಶುರು ಮಾಡಿದರು.

“ಏನ್ಲಾ ಪುಟ್ಟಸ್ವಾಮಿ, ಡಾಕ್ಟ್ರುನ್ನ ಕರ್ಕಂಡ್ ಬಂದ್ಯಾ? ನಿನ್ ಗಾಳಿ ಪೆಟ್ಗೆಗೆ ಜ್ವರವಾ?”

ಜಗಲಿಯಲ್ಲಿದ್ದವರು ನಕ್ಕರು. ಗೌಡರು ತಲೆ ತಗ್ಗಿಸಿ ಒಳಗೆ ನಡೆದರು.

ಹಿತ್ತಿಲ ಸಿಮೆಂಟು ತೊಟ್ಟಿಯಲ್ಲಿ ಎಂಟು ವರ್ಷದ ಒಂದು ಹುಡುಗಿ ಕತ್ತಿನವರೆಗೂ ನೀರಲ್ಲಿ ಕೂತಿತ್ತು. ತಲೆ ಮೇಲೆ ಒದ್ದೆ ಬಟ್ಟೆ. ಅದರಡಿಯಿಂದ ತೆಳ್ಳಗೆ ನಾಲ್ಕು ಕೂದಲು. ನಕ್ಕಾಗ ಕಂಡದ್ದು ಮೂರೋ ನಾಲ್ಕೋ ಹಲ್ಲು, ಮೊನಚಾದವು. ಕೈಬೆರಳೆಲ್ಲ ನೀರಲ್ಲಿ ನೆಂದು ಸುಕ್ಕುಗಟ್ಟಿದ್ದವು.

“ಅಪ್ಪಯ್ಯ, ಇವ್ರೇನಾ ಮೆಕಾನಿಕ್ಕು?”

“ಊಂ ಕನವ್ವ ಗೌರಿ. ನೀರ್ನಾಗೇ ಇರು.”

ಗೌಡರ ಹೆಂಡತಿ ಸಾಕಮ್ಮ ನನಗೆ ಮಜ್ಜಿಗೆ ತಂದುಕೊಟ್ಟರು. ಅವರೇ ಹೇಳಿದ್ದು, ಸಣ್ಣ ದನಿಯಲ್ಲಿ, ಬೀದಿ ಬಾಗಿಲ ಕಡೆ ಒಂದು ಕಣ್ಣಿಟ್ಟುಕೊಂಡು.

“ಇವ್ಳ್ಗೆ ಬೆವ್ರು ಬರಕಿಲ್ಲ ಅಣ್ಣ. ಉಟ್ಟಿದಾಗ್ನಿಂದ್ಲೂ ಅಂಗೇಯ. ಕೂದ್ಲು, ಅಲ್ಲು ಸರ್ಯಾಗ್ ಬರ್ದೆ ಇರದೂ ಅದ್ರಿಂದ್ಲೇಯ. ಬಿಸ್ಲು ಏರ್ದಂಗೆಲ್ಲ ಮೈ ಕಾದ ಎಂಚಾಯ್ತದೆ. ಓದ್ ಬ್ಯಾಸ್ಗೇಲಿ ಫಿಟ್ಸ್ ಬಂದು ಮೂರ್ ದಿನ ಆಸ್ಪತ್ರೇಲಿ ಕಣ್ ಬುಡ್ಲಿಲ್ಲ. ಇದ್ಕೆ ಔಸ್ತಿ ಇಲ್ಲ, ತಂಪಾಗ್ ಮಡಿಕಳಿ ಅಂದ್ರು ಮೈಸೂರ್ ಡಾಕ್ಟ್ರು.”

ಮಜ್ಜಿಗೆ ಲೋಟ ಕೆಳಗಿಟ್ಟೆ. ನಾನು ಅಂಗಡಿಯಲ್ಲಿ ಆಡಿದ ಮಾತು ನೆನಪಾಯಿತು. ಗೌಡರಿಗೂ ನೆನಪಾಗಿರಬೇಕು. ಅವರು ನನ್ನ ಮುಖ ನೋಡಲಿಲ್ಲ.

“ಊರೋರ್ಗೆ ಗೊತ್ತಾ?” ಅಂದೆ.

“ಕೂದ್ಲು, ಅಲ್ಲು ಕಾಣ್ತವೆ, ಬೆವ್ರಿಂದು ಗೊತ್ತಿಲ್ಲ ಸಾ. ಏಳ್ದೆ ಇದ್ರೆ ನಗ್ತಾರೆ, ಏಳುದ್ರೆ ಅಯ್ಯೋ ಅಂತಾರೆ. ನಗೋದೇ ವಾಸಿ. ನಾಳೆ ಎಣ್ ಕೇಳಕೆ ಯಾರಾದ್ರೂ ಬರ್ಬೇಕಲ್ಲ.”

ನಾನು ಕೆಲಸಕ್ಕೆ ಕೂತೆ. ಅದೊಂದೇ ನನಗೆ ಬರುವುದು.

ಏಸಿಯನ್ನು ಒಳರೂಮಿನ ಕಿಟಕಿಯಲ್ಲಿ ಕೂರಿಸಿದ್ದರು. ಪ್ಲಗ್ ಕಿತ್ತು ಮುಂದಿನ ಜಾಲರಿ ತೆಗೆದೆ. ಫಿಲ್ಟರಿನ ಮೇಲೆ ಧೂಳು ಕಂಬಳಿಯಂತೆ ಕೂತಿತ್ತು. (ಏಸಿ ಇರುವ ನನ್ನ ಬೆರಳೆಣಿಕೆಯ ಓದುಗರೇ, ಹದಿನೈದು ದಿನಕ್ಕೊಮ್ಮೆ ಅದನ್ನು ತೊಳೆಯಿರಿ. ಅರ್ಧ ಏಸಿಗಳ ಅರ್ಧ ಕಾಯಿಲೆ ಅದೇ.) ಆಮೇಲೆ ಹಿಂಭಾಗ ನೋಡಲು ಹೊರಗೆ ಹೋದೆ. ಹೊರಗೆಲ್ಲಿ? ಆ ಕಿಟಕಿ ತೆರೆದುಕೊಳ್ಳುವುದು ಕೊಟ್ಟಿಗೆಗೆ! ಮೂರು ಕಡೆ ಗೋಡೆ, ಒಂದು ಕಡೆ ತಡಿಕೆ, ಪಕ್ಕದಲ್ಲೇ ಹುಲ್ಲಿನ ರಾಶಿ.

ಏಸಿ ತಂಪನ್ನು ಹುಟ್ಟಿಸುವುದಿಲ್ಲ. ರೂಮಿನೊಳಗಿನ ಕಾವನ್ನು ಹೊತ್ತು ಆಚೆ ಹಾಕುತ್ತದೆ, ಅಷ್ಟೆ. ಆಚೆ ಹಾಕಲು ಜಾಗವೇ ಇಲ್ಲದಿದ್ದರೆ ಪಾಪ ಏನು ಮಾಡೀತು? ಕಾವು ಆಚೆ ಬಿಡುವ ಹಿಂದಿನ ಕಾಯಿಲಿನ ತುಂಬಾ ಹುಲ್ಲಿನ ಪುಡಿ ಮೆತ್ತಿಕೊಂಡಿತ್ತು.

“ಇದು ಓಡ್ವಾಗ ಎಮ್ಮೆ ಇಲ್ಲಿ ನಿಲ್ತಿತ್ತಾ?”

“ಎಲ್ ನಿಂತದು ಸಾ. ಅಗ್ಗ ಕಿತ್ಕಂಡು ಈಚೆಗ್ ಬಂದ್ಬುಡ್ತಿತ್ತು” ಅಂದರು ಗೌಡರು. ಆ ದಿನ ಮೊದಲ ಸಲ ಅವರ ಮುಖ ಸ್ವಲ್ಪ ಸಡಿಲವಾಯಿತು.

ಇಬ್ಬರೂ ಸೇರಿ ಹುಲ್ಲು ಎತ್ತಿ ಹಾಕಿದೆವು. ತಡಿಕೆ ಬಿಚ್ಚಿದೆವು. ಬ್ರಷ್ ಹಿಡಿದು ಕಾಯಿಲ್ ಉಜ್ಜಿ ತೊಳೆದು ಒಣಗಿಸಿದೆ. ಆಮೇಲೆ ಕಂಪ್ರೆಸರ್. ಮೀಟರ್ ಹಿಡಿದು ಒಳಗಿನ ತಂತಿಸುತ್ತು, ಅಂದರೆ ವೈಂಡಿಂಗ್, ನೋಡಿದೆ. ಸುಟ್ಟಿರಲಿಲ್ಲ. ಇನ್ನು ಉಳಿದದ್ದು ಕೆಪಾಸಿಟರ್. ಪೌಡರ್ ಡಬ್ಬಿಯಂಥ ಒಂದು ಸಾಮಾನು. ಕಂಪ್ರೆಸರನ್ನು ಮೊದಲ ಸಲ ತಳ್ಳಿ ಎಬ್ಬಿಸುವುದು ಅದರ ಕೆಲಸ. ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟು ಹಿಡಿದಿಟ್ಟುಕೊಂಡು ಕೈಗೆ ಹೊಡೆಯುತ್ತದೆ. ಮೊದಲು ಅದನ್ನು ಡಿಸ್ಚಾರ್ಜ್ ಮಾಡಿ, ವೈರು ಬಿಡಿಸಿ ಹೊರಗೆ ತೆಗೆದೆ.

ಅಷ್ಟರಲ್ಲಿ ಗೌರಿ ಒದ್ದೆ ಟವೆಲ್ ಸುತ್ತಿಕೊಂಡು ಬಂದು ಪಕ್ಕದಲ್ಲಿ ಕೂತಿತು.

“ಮಾಮ, ಇದ್ರೊಳಗೆ ಐಸು ಮಡಗವ್ರಾ?”

“ಇಲ್ಲ ಕನವ್ವ. ಈ ಮುಳ್ಳು ನೋಡ್ತಿರು. ಎದ್ದು ಬಿದ್ರೆ ಇದು ಚೆನ್ನಾಗದೆ ಅಂತ.”

ಮೀಟರಿನ ಎರಡೂ ವೈರು ಕೆಪಾಸಿಟರಿಗೆ ಮುಟ್ಟಿಸಿದೆ. ಮೀಟರಿನ ಮುಳ್ಳು ಅಲ್ಲಾಡಲಿಲ್ಲ.

“ಏಳ್ಲಿಲ್ಲ” ಅಂದಿತು ಗೌರಿ.

ಬ್ಯಾಗಿನಿಂದ ಹೊಸದನ್ನು ತೆಗೆದು ಮುಟ್ಟಿಸಿದೆ. ಮುಳ್ಳು ಥಟ್ಟನೆ ಎದ್ದು ನಿಧಾನವಾಗಿ ಇಳಿಯಿತು. ಅದನ್ನು ಹಾಕಿ, ಎಲ್ಲ ಜೋಡಿಸಿ, ಸ್ವಿಚ್ ಒತ್ತಿದೆ. ಗುಂಯ್ ಅಂದಿತು. ಟಕ್ ಅನ್ನಲಿಲ್ಲ. ಕಂಪ್ರೆಸರ್ ಎದ್ದು ಓಡತೊಡಗಿತು. ಐದು ನಿಮಿಷದಲ್ಲಿ ತಣ್ಣನೆ ಗಾಳಿ. ಗೌರಿ ಜಾಲರಿಗೆ ಕೆನ್ನೆ ಒತ್ತಿ ಕಣ್ಣು ಮುಚ್ಚಿಕೊಂಡಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಮಧ್ಯಾಹ್ನದ ಬಸ್ಸಿಗೆ ಊರಿಗೆ ಬರುತ್ತಿದ್ದೆ.

ಹನ್ನೆರಡೂವರೆಗೆ ತ್ರೀ ಫೇಸ್, ಅಂದರೆ ಪಂಪು ಓಡಿಸುವ ಕರೆಂಟು, ಬಂತು. ಊರಿನ ಸುತ್ತ ಒಂದಾದ ಮೇಲೊಂದು ಪಂಪ್‌ಸೆಟ್ಟುಗಳು ಎದ್ದ ಸದ್ದು. ತಲೆ ಮೇಲಿನ ಫ್ಯಾನು ಸೋತಂತೆ ತಿರುಗಿತು. ಏಸಿ ನಿಂತುಹೋಯಿತು. ಮೀಟರ್ ಹಿಡಿದೆ, ನೂರ ಅರವತ್ತು ವೋಲ್ಟು! ಅಲ್ಲಿರಬೇಕಾದದ್ದು ಇನ್ನೂರ ಮೂವತ್ತು. ಏಸಿಗೆ ಹಾಕಿದ್ದ ಸ್ಟೆಬಿಲೈಸರ್ ತಾನೇ ವೋಲ್ಟೇಜನ್ನು ಎಷ್ಟು ಎತ್ತೀತು? ಮನೆಗಳಿಗೂ ಪಂಪುಗಳಿಗೂ ಇರುವುದು ಒಂದೇ ಟ್ರಾನ್ಸ್‌ಫಾರ್ಮರು. ಬಿಸಿಲು ಏರುವ ಹೊತ್ತಿಗೇ ಎಂಟು ಮೋಟಾರು ಒಟ್ಟಿಗೆ ಎಳೆದರೆ ಈ ರೂಮಿಗೆ ಉಳಿಯುವುದೇನು?

ಸಾಕಮ್ಮ ಮಗುವನ್ನು ಎತ್ತಿಕೊಂಡು ಹೋಗಿ ತೊಟ್ಟಿಯಲ್ಲಿ ಕೂರಿಸಿದರು.

“ಮಿಸೀನ್ ಸರಿಯಾಗದೆ ಗೌಡ್ರೇ. ಪಂಪು ಸರದಿ ಮೇಲೆ ಓಡುದ್ರೆ ಸಾಕು. ಊರೋರ್ಗೆ ಏಳಿ.”

“ನಾನ್ ಏಳಕಿಲ್ಲ ಸಾ. ನೀವೇ ಬೇರೆ ಏನಾದ್ರೂ ಏಳಿ.”

ಬೇರೆ ಹೇಳಲು ಒಂದು ನಿಜವೇ ಇತ್ತು. ಇಷ್ಟು ಕಡಿಮೆ ವೋಲ್ಟೇಜಿನಲ್ಲಿ ಓಡಿಸಿದರೆ ಪಂಪಿನ ಮೋಟಾರುಗಳೂ ಸುಟ್ಟುಹೋಗುತ್ತವೆ. ಸಂಜೆ ಹಾಲಿನ ಡೇರಿ ಮುಂದೆ ಊರವರೆಲ್ಲ ಸಾಲಾಗಿ ಕ್ಯಾನು ಹಿಡಿದು ನಿಂತಿದ್ದಾಗ ಅದನ್ನೇ ಹೇಳಿದೆ. ಎಂಟೂ ಒಟ್ಟಿಗೆ ಬೇಡ, ಮೂರು ಮೂರು ಓಡಿಸಿ, ಮೋಟಾರೂ ಉಳಿಯುತ್ತದೆ ಅಂದೆ.

ನಿಂಗೇಗೌಡರು ದಡ್ಡರಲ್ಲ.

“ಓಹೋ. ಮೋಟಾರ್ಗೋಸ್ಕರ ಅಲ್ಲ ಕನ ಇದು, ಏಸಿಗೋಸ್ಕರ. ಇವ್ನು ತಣ್ಗೆ ಮಲ್ಗಕೆ ನಮ್ ಕಬ್ಬು ಒಣಗ್ಬೇಕಾ?”

ಸಾಲಿನಲ್ಲಿ ನಗು ಹರಡಿತು. ಗೌಡರು ನೆಲ ನೋಡುತ್ತಾ ನಿಂತಿದ್ದರು. ಆಗ ಹಿಂದಿನಿಂದ ಸಾಕಮ್ಮ ಮುಂದೆ ಬಂದು ಕ್ಯಾನು ಕೆಳಗಿಟ್ಟರು.

“ಅವ್ರು ಮಲ್ಗಕಲ್ಲ ಮಾವ. ನನ್ ಮಗೀಗೆ ಬೆವ್ರು ಬರಕಿಲ್ಲ. ಬಿಸ್ಲಾದ್ರೆ ಸತ್ತೋಯ್ತದೆ.”

“ಸುಮ್ಕಿರು ಸಾಕಿ” ಅಂದರು ಗೌಡರು.

“ಯಾಕ್ ಸುಮ್ಕಿರ್ಲಿ? ಮದ್ವೆ ಮದ್ವೆ ಅಂತೀರಿ. ಮಗು ಉಳ್ಕಂಡ್ರೆ ತಾನೆ ಮದ್ವೆ?”

ಎಲ್ಲವನ್ನೂ ಹೇಳಿದರು. ಫಿಟ್ಸು, ಆಸ್ಪತ್ರೆ, ತೊಟ್ಟಿ, ಎಲ್ಲ. ಅಳಲಿಲ್ಲ. ಹಾಲು ಅಳೆಯುವವನು ಅಳತೆಪಾತ್ರೆ ಹಿಡಿದು ಹಾಗೇ ನಿಂತಿದ್ದ. ನಿಂಗೇಗೌಡರು ಕ್ಷಮೆ ಗಿಮೆ ಏನೂ ಕೇಳಲಿಲ್ಲ. ಟವೆಲ್ ತೆಗೆದು ಒಮ್ಮೆ ಕೊಡವಿದರು. ಮತ್ತೆ ಹೆಗಲಿಗೆ ಹಾಕಿಕೊಂಡರು.

“ಎಷ್ಟೊತ್ತಿಂದ ಎಷ್ಟೊತ್ಗಂಟ ಬೇಕವ್ವ?”

“ಅನ್ನೆರಡ್ರಿಂದ ಮೂರು.”

“ನಂದು ನಿಲ್ಲುಸ್ತೀನಿ. ಮಿಕ್ಕೋರು ನಿಮ್ ನಿಮ್ಮಿಷ್ಟ.”

ಗೌಡರು ಹೆಂಡತಿಯನ್ನು ಬಿಟ್ಟು ಒಬ್ಬರೇ ಮನೆ ಕಡೆ ನಡೆದುಹೋದರು. ನನ್ನನ್ನು ಟೆಂಪೋ ಹತ್ತಿಸಲೂ ಬರಲಿಲ್ಲ.

ಮೇ ತಿಂಗಳಲ್ಲಿ ನಾನು ಮತ್ತೆ ಹೋಗಿದ್ದೆ. ಯಾರೂ ಕರೆದಿರಲಿಲ್ಲ, ಮನಸ್ಸು ತಡೆಯಲಿಲ್ಲ. ಮಧ್ಯಾಹ್ನ ಒಂದು ಗಂಟೆ. ಮೀಟರ್ ಹಿಡಿದರೆ ಇನ್ನೂರು ವೋಲ್ಟು. ಎಲ್ಲರೂ ಒಪ್ಪಿದ್ದಾರೆ ಅಂದುಕೊಳ್ಳಬೇಡಿ. ಒಬ್ಬರು ಈಗಲೂ ತಮ್ಮ ಪಂಪು ನಿಲ್ಲಿಸುವುದಿಲ್ಲ. ನೀರು ತಮಗೆ ಸಾಲದು ಅನ್ನುತ್ತಾರೆ. ಅದೂ ಸುಳ್ಳಲ್ಲ. ಆದರೆ ಏಸಿ ಓಡುತ್ತಿತ್ತು, ರೂಮು ಮಾತ್ರ ಅಷ್ಟೇನೂ ತಣ್ಣಗಾಗಿರಲಿಲ್ಲ. ಯಾಕೆ? ಏಸಿಯ ಜಾಲರಿಗೆ ಬೆನ್ನು ಕೊಟ್ಟು ಕೂತಿದ್ದ ಗೌರಿಯ ಸುತ್ತ ಬೀದಿಯ ಏಳೆಂಟು ಮಕ್ಕಳು ಚೌಕಾಬಾರ ಹಾಕಿಕೊಂಡು ಕೂತಿದ್ದವು. ಒಂದು ಹೋದರೆ ಇನ್ನೊಂದು ಬರುತ್ತಿತ್ತು, ಬಾಗಿಲು ಮುಚ್ಚುವವರೇ ಇಲ್ಲ. ಈ ತೊಂದರೆಗೆ ನನ್ನ ಬ್ಯಾಗಿನಲ್ಲಿ ಯಾವ ಸಾಮಾನೂ ಇರಲಿಲ್ಲ.

ಗೌಡರು ಕೊಟ್ಟಿಗೆಯಲ್ಲಿದ್ದರು. ಎಮ್ಮೆ ಆಚೆ ಹುಣಸೆ ಮರದ ಕೆಳಕ್ಕೆ ಹೋಗಿತ್ತು.

“ಈಗ್ ಯಾರೂ ನಗಕಿಲ್ಲ ಸಾ” ಅಂದರು. ಬಿದ್ದ ಹುಲ್ಲು ಗುಡಿಸುತ್ತಾ, “ಜಗಲೀಗೋದ್ರೆ ಜಾಗ ಬುಟ್ಕೊಡ್ತಾರೆ. ಅದೇ ಬ್ಯಾಸರ.”

ಅಂಗಡಿಯಲ್ಲಿ ಆಡಿದ ಮಾತಿಗೆ ನಾನು ತಪ್ಪಾಯಿತು ಅಂದೆ. “ಅದೆಲ್ಲ ಬುಡಿ ಸಾ, ಎಲ್ಲಾರೂ ಕೇಳ್ತಿದ್ದುದ್ದೇಯ” ಅಂದರು. ಅದು ನನಗೆ ಇನ್ನೂ ಚುಚ್ಚಿತು.

ಹೊರಡುವಾಗ, ಇದನ್ನು ಪೇಪರಿನಲ್ಲಿ ಬರೆಯಬಹುದಾ ಅಂತ ಸಾಕಮ್ಮನನ್ನು ಕೇಳಿದೆ. ಅವರು ಗಂಡನ ಮುಖ ನೋಡಿದರು. ಗೌಡರು “ಎಸ್ರು ಬ್ಯಾಡ” ಅಂದರು. ಸಾಕಮ್ಮ ಅಂದರು: “ಬರೀರಿ ಅಣ್ಣ. ಇಂತಾ ಮಗು ಇನ್ನೊಂದೂರ್ನಾಗೂ ಇದ್ದಾತು. ಅದ್ರವ್ವ ಯಾರ್ತಾವೂ ಏಳ್ದೆ ಕುಂತಿದ್ದಾಳು.”

ಆ ತಾಯಿ ನಿಮ್ಮ ಬೀದಿಯಲ್ಲೇ ಇದ್ದರೆ, ನಿಮ್ಮ ಹತ್ತಿರ ಬಂದು ಹೇಳುವ ಧೈರ್ಯ ಅವಳಿಗೆ ಬರುತ್ತದೆಯಾ?